ಅಂಗಡಿಗೊಬ್ಬ ಬಾದಶಹ

ಮೊನ್ನೆ ಸಂತೆಯ ದಿನ, ತುಂಬಿದ ಪೇಟೆಯ ನಡುವೆ, ಒಬ್ಬ ದರ್ಜಿಯ ಅಂಗಡಿಯ ಎದುರಿಗೆ ನಾನು ಒಂದು ಕ್ಷಣ ನಿಂತು, ತಲೆಬಾಗಿಸಿ, ಮುಂದೆ ನಡೆದೆನಂತೆ. ನನಗೆ ಇದರ ಅರಿವೇ ಇರಲಿಲ್ಲ. ಸಾಕ್ಷಿ ನನ್ನ ಹೆಂಡತಿ. ಆಕೆ ಕಾಯಿಪಲ್ಲೆಯ ಚೀಲ ಹಿಡಿದು ನನ್ನ ಹಿಂದೆಯೇ ಬರುತ್ತಿದ್ದಳು.

"ಅಲ್ರೀ, ಆ ದರ್ಜಿ ನಿಮಗ ಗುರುತಿನಾವೇನು?" ಎಂದಳು.

"ಅಲ್ಲ."

"ಮತ್ತ ನಮಸ್ಕಾರ ಯಾರಿಗೆ ಮಾಡಿದ್ರಿ?"

ನಾನು ಸ್ವಲ್ಪ ಯೋಚಿಸಿ ಸತ್ಯವನ್ನೇ ನುಡಿದೆ: "ಔರಂಗಜೇಬಗ."

ಆಕೆ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು, ಯಾರೋ ಬೇರೆ ಮನೆಯ ಹೆಂಗಸಿನಂತೆ ನನ್ನಿಂದ ನಾಲ್ಕು ಮಾರು ದೂರ ಸರಿದು ನಡೆಯತೊಡಗಿದಳು. ಮನೆಗೆ ಬಂದ ಮೇಲೆ ಮಾತ್ರ, ಚೀಲದಿಂದ ಬದನೆಕಾಯಿ ತೆಗೆದಿಡುತ್ತ, "ಬಿ.ಎ. ಮಾಡಿದಾವಗ ಕೊಡಬ್ಯಾಡ್ರಿ, ಓದಿ ಓದಿ ತಲಿಗೆ ಏರಿರತೈತಿ ಅಂತ ನಮ್ಮ ಸೋದರತ್ತಿ ಆವಾಗ್ಲೇ ಹೇಳಿದ್ಲು" ಎಂದು ಬದನೆಕಾಯಿಗಳಿಗೆ ತಿಳಿಸಿದಳು.

ಆ ಸೋದರತ್ತೆಯವರ ಅಭಿಪ್ರಾಯವನ್ನು ನಾನು ಖಂಡಿಸಲಾರೆ. ನಮ್ಮ ವಂಶದಲ್ಲಿ ನನಗಿಂತ ಹಿಂದೆ ಯಾರೂ ಪದವೀಧರರಾದವರಿಲ್ಲ. ಹಿಂದೆ ಯಾರಾದರೂ ಓದಿದ್ದರೆ, ಓದು ಏರುವುದು ತಲೆಗೋ ಮತ್ತೆಲ್ಲಿಗೋ ಎಂದು ಅವರನ್ನು ನೋಡಿ ತಿಳಿಯಬಹುದಿತ್ತು. ನಾನೇ ಮೊದಲಿಗನಾದುದರಿಂದ ನಡೆ, ನುಡಿ, ಬರಹ ಎಲ್ಲದರಲ್ಲಿಯೂ ತಪ್ಪಾದೀತೆಂಬ ಭಯದಲ್ಲಿಯೇ ಬದುಕುತ್ತಿದ್ದೇನೆ. ಅಂಥದರಲ್ಲಿ ಈಗ ನಮ್ಮ ಶಾಲೆಯ ಮುಖ್ಯಾಧ್ಯಾಪಕರು, ಬರುವ ಶನಿವಾರ ಮೆಟ್ರಿಕ್ ಪರೀಕ್ಷೆಗೆ ಕುಳಿತುಕೊಳ್ಳುವ ಹುಡುಗರೆದುರಿಗೆ 'ಅಭ್ಯಾಸದ ಕ್ರಮ ಮತ್ತು ಸ್ಮರಣಶಕ್ತಿಯ ಬೆಳವಣಿಗೆ' ಎಂಬ ವಿಷಯವಾಗಿ ನಾನು ಭಾಷಣ ಮಾಡಬೇಕೆಂದು ಅಪ್ಪಣೆ ಮಾಡಿದ್ದಾರೆ. "ನೀವು ಕಷ್ಟದಿಂದ ಮೇಲೆ ಬಂದವರು. ನಿಮ್ಮ ಪದ್ಧತಿಯನ್ನು ಹುಡುಗರಿಗೆ ತಿಳಿಸಿರಿ" ಎಂದರು.

ನನ್ನ ಪದ್ಧತಿ! ಬಿಳಿಯ ಹಾಳೆಯ ಮೇಲೆ 'ಮೊದಲನೆಯದು: ಏಕಾಗ್ರತೆ' ಎಂದು ಬರೆದು ನಿನ್ನೆಯಿಂದ ಅದನ್ನೇ ನೋಡುತ್ತ ಕುಳಿತಿದ್ದೇನೆ. ಎರಡನೆಯದು ಬರುತ್ತಿಲ್ಲ. ಬರುವುದು ಹಳಿಯಾಳದ ಪೇಟೆ.

ನಮ್ಮ ಅಪ್ಪ ಚಕ್ಕಡಿ ಹೊಡೆಯುವವನು. ದಾಂಡೇಲಿಯ ಕಡೆಯ ಅಡವಿಯಿಂದ ಬಿದಿರು, ಕಟ್ಟಿಗೆ ತರುವುದು. ಅಳ್ನಾವರದ ಸ್ಟೇಶನ್ನಿಗೆ ಬಂದಿಳಿದ ಸಾಮಾನುಗಳನ್ನು ಹಳಿಯಾಳದ ಅಂಗಡಿಗಳಿಗೆ ಮುಟ್ಟಿಸುವುದು. ಇದು ಅವನ ಕಸುಬು. ಪೇಟೆಯ ಬಾಯಿಗೆ ಒಂದು ಹುಣಸೆಮರ. ಕೆಲಸವಿಲ್ಲದಾಗ ಅಪ್ಪನ ಚಕ್ಕಡಿ ಅದರ ನೆರಳಲ್ಲಿ ನಿಲ್ಲುತ್ತಿತ್ತು. ಮಾಲು ಇಳಿಸುವುದಿದ್ದರೆ ಅಂಗಡಿಗಳ ಬೆನ್ನಿಗೆ ಇರುವ ಹಿಂದಿನ ಓಣಿಗೆ ಹೋಗಬೇಕು. ಆ ಓಣಿಯಲ್ಲಿ ಚಕ್ಕಡಿಯನ್ನು ಹೊರಳಿಸುವುದಕ್ಕೆ ಎಡೆಯಿಲ್ಲ. ಆದ್ದರಿಂದ ಊರನ್ನು ಸುತ್ತಿ, ಪೇಟೆಯ ಆಚೆಯ ತುದಿಯಿಂದ ಓಣಿಯನ್ನು ಹೊಕ್ಕು, ಒಂದೊಂದೇ ಹಿಂಬಾಗಿಲಲ್ಲಿ ಮಾಲು ಇಳಿಸುತ್ತ ಹುಣಸೆಮರದ ಕಡೆಗೆ ಹೊರಬೀಳಬೇಕೆಂಬುದು ಚಕ್ಕಡಿಯವರೆಲ್ಲರ ಕಟ್ಟಳೆಯಾಗಿತ್ತು. ಈ ಓಣಿಯ ಸಂಗತಿಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ಇಡೀ ವಿದ್ಯಾಭ್ಯಾಸವು ಒಂದು ಸಲ ಆ ಓಣಿಯಲ್ಲಿ ಹಾಯ್ದು ಬಂದಿದೆ.

ನಾನು ಕನ್ನಡ ಶಾಲೆಯ ಏಳನೆಯ ಇಯತ್ತೆಗೆ ಬಂದೆ. ಅದರ ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನೆಂದರೆ ಆ ಕಾಲದಲ್ಲಿ ಊರಿಗೊಬ್ಬ ಗೌರವಸ್ಥ. ಮಾಸ್ತರನಾಗಬಹುದು, ಧಾರವಾಡಕ್ಕೆ ಹೋಗಿ ಮುಂದೆ ಓದಬಹುದು. ನಪಾಸಾದರೆ ಏನಾಗಬಹುದೆಂಬುದು ನಮ್ಮ ಮನೆಯ ಗೋಡೆಯ ಮೇಲೆಯೇ ತೂಗಾಡುತ್ತಿತ್ತು. ಅಪ್ಪ ನನ್ನ ಎತ್ತರಕ್ಕೆ ಸರಿಯಾಗಿ ಒಂದು ಹೊಸ ಬಾರುಕೋಲನ್ನು ಮಾಡಿಸಿ, ನನ್ನ ಪಾಟೀಚೀಲವನ್ನು ತೂಗುಹಾಕುತ್ತಿದ್ದ ಗೂಟಕ್ಕೇ ಸಿಕ್ಕಿಸಿದ್ದನು. "ಪಾಸಾದಿ, ಚೀಲಾ ತಗೋ. ಆಗಲಿಲ್ಲ, ಕೋಲು ತಗೋ. ಎರಡೂ ಒಂದ ಗೂಟದಾಗ ಅದಾವ. ನಾ ಯಾವದಕ್ಕೂ ಒಲ್ಲೆ ಅನ್ನಾಂವಲ್ಲ" ಎಂದಿದ್ದನು. ಎರಡನೆಯ ಚಕ್ಕಡಿಗೆಂದು ಒಂದು ಜೋಡಿ ಎಳೆಯ ಹೋರಿಗಳನ್ನು ಸಹ ಮಾತಾಡಿ ಇಟ್ಟಿದ್ದನು. ನನಗೆ ಹೋರಿಗಳ ಮೇಲೆ ದ್ವೇಷವಿರಲಿಲ್ಲ. ಆದರೆ ಚೀಲ ತೆಗೆಯಲು ಕೈ ಚಾಚಿದಾಗಲೆಲ್ಲ ಬಾರುಕೋಲಿನ ತೊಗಲು ಬೆರಳಿಗೆ ತಾಗುತ್ತಿತ್ತು.

ಸ್ಮರಣಶಕ್ತಿಗೆಂದು ನಾನು ಮಾಡದ ಉಪಾಯವಿಲ್ಲ. ಅವ್ವ ಗದ್ದೆಯ ಬದುವಿನಿಂದ ಒಂದೆಲಗದ ಸೊಪ್ಪನ್ನು ಕಿತ್ತು ತಂದು, ಮಜ್ಜಿಗೆಯಲ್ಲಿ ಅರೆದು, ಬೆಳಗ್ಗೆ ಹಲ್ಲುಜ್ಜುವುದೇ ತಡ, ಮೂಗು ಹಿಡಿದು ಕುಡಿಸುತ್ತಿದ್ದಳು. ಆ ಸೊಪ್ಪಿನ ಕಹಿ ಈಗಲೂ ನಾಲಿಗೆಯ ಮೇಲಿದೆ. ಆಗ ಓದಿದ ಪಾಠ ಆ ಹೊತ್ತಿಗೂ ತಲೆಯಲ್ಲಿ ಇರಲಿಲ್ಲ. ಮೌಳಂಗಿಯಲ್ಲಿದ್ದ ಸೋದರಮಾವನ ಮಗನು ತನ್ನದೊಂದು ಸಿದ್ಧಾಂತವನ್ನು ಹೇಳಿದನು: "ನಡದ ತನಕ ತಣ್ಣೀರಾಗ ನಿಂತ ಓದಬೇಕು ನೋಡು. ವಿದ್ಯಾ ಕೆಳಗ ಇಳಿಯಾಕ ಬಂತಂದ್ರ ತಣ್ಣಗ ಹತ್ತತೈತಿ, ತಿರಗಿ ತಲೀಗೇ ಏರತೈತಿ." ಈ ತರ್ಕದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಅವರ ಊರಿನ ಮಗ್ಗುಲ ಕಾಳಿ ನದಿಯಲ್ಲಿ ನಡುಮಟ್ಟದ ನೀರಿನಲ್ಲಿ ನಿಂತು ಭೂಗೋಳದ ಪುಸ್ತಕವನ್ನು ಬಿಚ್ಚಿದೆ. ಪಾದಕ್ಕೆ ಒಂದು ಮೀನು ಮುತ್ತಿಟ್ಟಿತು. ನಾನು ಹಾರಿದೆ, ಪುಸ್ತಕವು ನನಗಿಂತ ದೂರಕ್ಕೆ ಹಾರಿತು. ಕಾಳಿ ನದಿಯು ಎಲ್ಲಿ ಸಮುದ್ರವನ್ನು ಸೇರುವುದೆಂಬ ಪ್ರಶ್ನೆಗೆ ಉತ್ತರವನ್ನು ಖುದ್ದಾಗಿ ನೋಡಿಕೊಂಡು ಬರಲು ಅದು ಹೊರಟುಹೋಯಿತು. ಇನ್ನೂ ಬಂದಿಲ್ಲ.

ನಮ್ಮ ಮಾಸ್ತರರ ಮಾರ್ಗ ಬೇರೆ: ಗಂಟಲು ಹರಿಯುವಂತೆ ಓದುವುದು. ನಾನು ಓದಲು ಕುಳಿತುಕೊಳ್ಳುವ ಸ್ಥಳ ಎತ್ತುಗಳ ಗೋದಲಿಯ ಪಕ್ಕದಲ್ಲಿತ್ತು. "ಬಾಬರನ ಮಗ ಹುಮಾಯೂನ! ಹುಮಾಯೂನನ ಮಗ ಅಕಬರ!" ಎಂದು ನಾನು ಕೂಗುವಾಗ ಎತ್ತುಗಳು ಮೇಯುವುದನ್ನು ಬಿಟ್ಟು, ಈ ಮನೆತನದ ವ್ಯವಹಾರ ನಮಗೇಕೆ ಎಂಬಂತೆ ನನ್ನನ್ನು ನೋಡುತ್ತಿದ್ದವು. ಒಂದು ದಿನ ಅಪ್ಪ ಒಳಗಿನಿಂದ ಗದರಿದನು:

"ಏ ಪರಸ್ಯಾ! ನಿನ್ನ ಒದರಾಟಕ್ಕ ಎತ್ತು ಕಣ್ಣ ಮುಚ್ಚವಲ್ಲವು. ನಾಳಿ ದಾಂಡೇಲಿ ಏರಿನಾಗ ಬಿದಿರು ಎಳಿಯಾಂವ ಯಾರು? ನಿನ್ನ ಬಾಬರನೇನು?"

ಇಷ್ಟಾದರೂ ಶಾಲೆಯಲ್ಲಿ ಮಾಸ್ತರರು ಕೇಳಿದಾಗ ಹುಮಾಯೂನನಿಗೆ ಔರಂಗಜೇಬನು ಹುಟ್ಟುತ್ತಿದ್ದನು.

ದಾರಿ ತೋರಿದವಳು ಅವ್ವ; ಅದೂ ವಿದ್ಯೆಯ ವಿಷಯದಲ್ಲಲ್ಲ, ಉಪ್ಪಿನ ವಿಷಯದಲ್ಲಿ. ಸಂತೆಗೆ ಕಳಿಸಿದರೆ ನಾನು ಹೇಳಿದ ಸಾಮಾನುಗಳಲ್ಲಿ ಅರ್ಧವನ್ನು ಮರೆತು ಬರುತ್ತಿದ್ದೆ. ಅವ್ವನಿಗೆ ಅಕ್ಷರ ಬಾರದು. ಆದರೂ ಆಕೆ ಏನನ್ನೂ ಮರೆಯಳು. ಒಂದು ದಿನ ಬೇಸತ್ತು ಹೇಳಿದಳು: "ಸಾಮಾನಿನ ಹೆಸರು ಯಾಕ ನೆನಪಿಟ್ಟಗೋತೀಯೋ ಕೋಣಾ? ಕಣ್ಣ ಮುಚ್ಚಿ ಪೇಟಿಯಾಗ ನಡದ ಹೋಗು. ಶೆಟ್ಟರ ಅಂಗಡಿ ಮುಂದ ಬಂದಿ ಅಂದ್ರ ಉಪ್ಪು ತಾನ ನೆನಪಾಗತೈತಿ. ಅಂಗಡಿಗೆ ಗೊತ್ತಿರತೈತಿ ಏನ ಬೇಕಂತ. ನಿನಗ ಯಾಕ ಗೊತ್ತಿರಬೇಕು?"

ಮಾಡಿ ನೋಡಿದೆ. ಉಪ್ಪು ಬಂದಿತು. ಉಪ್ಪು ಬರುವುದಾದರೆ ಹುಮಾಯೂನನು ಏಕೆ ಬರಬಾರದು?

ಹೀಗೆ ನಾನು ಮೊಗಲ ಸಾಮ್ರಾಜ್ಯವನ್ನು ಹಳಿಯಾಳದ ಪೇಟೆಯಲ್ಲಿ ಸ್ಥಾಪಿಸಿದೆ. ಬಾಬರನು ತನ್ನ ಸೀಮೆಯ ಕರಬೂಜದ ಹಣ್ಣುಗಳನ್ನು ನೆನೆದು ಕಣ್ಣೀರಿಟ್ಟವನಾದುದರಿಂದ ಮೊದಲನೆಯ ಹಣ್ಣಿನ ಅಂಗಡಿ ಅವನಿಗೆ. ಅದರಾಚೆ ನಾಗಪ್ಪ ಶೆಟ್ಟರ ಕಿರಾಣಿ ಅಂಗಡಿ. ಅದಕ್ಕೆ ಎತ್ತರವಾದ ಕಲ್ಲಿನ ಮೆಟ್ಟಿಲುಗಳು. ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ ಹುಮಾಯೂನನನ್ನು ಮತ್ತೆಲ್ಲಿ ಇರಿಸಲಿ? ಎಲ್ಲ ಜಾತಿಯವರೂ ಬಂದು ಕೂಡುವ ಚಹಾದ ಅಂಗಡಿ ಅಕಬರನಿಗೆ. ಕಂಚುಗಾರನ ಅಂಗಡಿಯಲ್ಲಿ ದನಗಳ ಕೊರಳಗಂಟೆಗಳು ತೂಗುತ್ತಿದ್ದವು. ನ್ಯಾಯದ ಗಂಟೆ ಕಟ್ಟಿಸಿದ ಜಹಾಂಗೀರನು ಅಲ್ಲಿ. ಬಳೆಯ ಅಂಗಡಿ, ಹೆಂಡತಿಯನ್ನು ಅತಿಯಾಗಿ ಪ್ರೀತಿಸಿದ ಶಾಹಜಹಾನನಿಗೆ. ಕೊನೆಯ ಖಾದರಸಾಬರ ದರ್ಜಿ ಅಂಗಡಿ, ಬಾದಶಹನಾಗಿಯೂ ಟೊಪ್ಪಿಗೆ ಹೊಲಿಯುತ್ತಿದ್ದ ಔರಂಗಜೇಬನಿಗೆ. ದಿನವೂ ಶಾಲೆಗೆ ಹೋಗುವಾಗ ಒಂದೊಂದು ಅಂಗಡಿಯ ಎದುರಿಗೂ ನಿಂತು, ತಲೆಬಾಗಿ, ಅಲ್ಲಿಯ ಬಾದಶಹನ ಚರಿತ್ರೆಯನ್ನು ಮೆಲ್ಲಗೆ ಒಪ್ಪಿಸಿ ಮುಂದೆ ನಡೆಯುತ್ತಿದ್ದೆ.

ಪೇಟೆಯೆಂದರೆ ನೂರು ಕಣ್ಣು. ಬಳೆಯ ಅಂಗಡಿಯ ಹುಸೇನಬೀ ಒಂದು ದಿನ ನನ್ನನ್ನು ಹಿಡಿದು ನಿಲ್ಲಿಸಿದಳು. ನಾವೆಲ್ಲ ಆಕೆಯನ್ನು ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು.

"ಏನೋ ಅದು, ದಿನಾ ನನ್ನ ಅಂಗಡಿ ಮುಂದ ಮಣಮಣ? ಮಾಟಾ ಮಾಡಾಕತ್ತೀಯೇನ?"

ನಾನು ಹೆದರಿ ಎಲ್ಲವನ್ನೂ ಹೇಳಿದೆ. ಶಾಹಜಹಾನನು ಹೆಂಡತಿ ಸತ್ತ ಮೇಲೆ ಅವಳಿಗಾಗಿ ಜಗತ್ತೇ ಬೆರಗಾಗುವಂಥ ಗುಮ್ಮಟವನ್ನು ಕಟ್ಟಿಸಿದನೆಂದೂ ವಿವರಿಸಿದೆ. ಖಾಲಾ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಸತ್ತ ಮ್ಯಾಲೆ?"

"ಹೌದು, ಖಾಲಾ."

"ಇದ್ದಾಗ ಒಂದ ಡಜನ್ ಬಳಿ ಇಡಿಸಿದ್ನೇನು?"

"ಪುಸ್ತಕದಾಗ ಇಲ್ಲ."

"ಇರಾಂಗಿಲ್ಲ! ಎಲ್ಲಾ ಗಂಡಸರೂ ಅಷ್ಟ. ಇರಲಿ, ಬಾದಶಹಾ ಅಂತೀ, ಇಟ್ಟಗೋತೀನಿ. ಆದ್ರ ಬೋಣಿ ಆಗೂ ಮೊದಲ ಅವನ ಹೆಸರು ತಗೀಬ್ಯಾಡ."

ಆ ಮಧ್ಯಾಹ್ನದೊಳಗೆ ಸುದ್ದಿ ಪೇಟೆಯ ತುಂಬ ಹಬ್ಬಿತು. ಮರುದಿನ ನಾಗಪ್ಪ ಶೆಟ್ಟರು ತಮ್ಮ ಮೆಟ್ಟಿಲ ಮೇಲೆಯೇ ಸೊಂಟದ ಮೇಲೆ ಕೈಯಿಟ್ಟು ನನಗಾಗಿ ಕಾದಿದ್ದರು. "ಎಲ್ಲಾರಿಗೂ ಆಳೂ ರಾಜರು, ನನಗ ಮಾತ್ರ ಬಿದ್ದ ಸಾಯಾಂವ! ಗಿರಾಕಿ ಹತ್ತೂ ಮೆಟ್ಟಲಾ ಇದು. ನಿನ್ನ ಹುಮಾಯೂನಗ ಹೇಳು, ಇಲ್ಲಿ ಇರೂದಾದ್ರ ಕಟಕಟಿ ಹಿಡದ ಇಳೀಬೇಕು." ಖಾದರಸಾಬರಿಗೆ ಮೊದಲು ತಮಗೆ ಅಕಬರ ಬರಲಿಲ್ಲವೆಂದು ಅಸಮಾಧಾನವಿತ್ತು. ಟೊಪ್ಪಿಗೆಯ ಸಂಗತಿ ಕೇಳಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ ವಿಚಾರಮಗ್ನರಾದರು. "ಅರೆ ಬೇಟಾ, ತಖ್ತಿನ ಮ್ಯಾಲೆ ಕುಂತು ಟೊಪ್ಪಿಗಿ ಹೊಲೀತಿದ್ನಾ? ಮತ್ತೆ ಹಬ್ಬಕ್ಕೆ ಹೇಳಿದ ದಿನಾನೇ ಕೊಡ್ತಿದ್ನಾ, ಇಲ್ಲಾ ನಾಳಿ ಬಾ ಅಂತಿದ್ನಾ?" ನಾಳೆ ಬಾ ಎನ್ನುವುದರಲ್ಲಿ ಖಾದರಸಾಬರನ್ನು ಮೀರಿಸಿದವರು ನಮ್ಮ ಊರಲ್ಲಿ ಇರಲಿಲ್ಲ. ಬಾದಶಹನೂ ಹಾಗೆಯೇ ಅನ್ನುತ್ತಿದ್ದಿರಬೇಕೆಂದು ನಾನು ಹೇಳಿದೆ. ಅಂದಿನಿಂದ ಆತ ಅವರ ಮನೆಯವನಾದನು.

ಆ ಮೇಲೆ ನಡೆದ ಪರೀಕ್ಷೆಯ ಮುಂದೆ ಸರಕಾರದ ಪರೀಕ್ಷೆ ಏನೂ ಅಲ್ಲ. ದಿನವೂ ಒಬ್ಬೊಬ್ಬರೂ ತಮ್ಮ ತಮ್ಮ ಬಾದಶಹನ ಪಾಠವನ್ನು ಒಪ್ಪಿಸಿಕೊಂಡೇ ನನ್ನನ್ನು ಮುಂದೆ ಬಿಡುತ್ತಿದ್ದರು. ಖಾದರಸಾಬರಂತೂ ಕತ್ತರಿಯನ್ನು ಆಡಿಸುತ್ತ, "ಹೂಂ, ಅಪ್ಪನ್ನ ಎಲ್ಲಿ ಸೆರೆ ಇಟ್ಟ? ಹೇಳು, ಮುಂದ ಹೋಗು" ಎನ್ನುತ್ತಿದ್ದರು. ತಪ್ಪಿದರೆ ನೆರೆಯಂಗಡಿಯವರು ನಗುತ್ತಿದ್ದರು. ಶಾಲೆಯಲ್ಲಿ ಮಾಸ್ತರರ ಬೆತ್ತಕ್ಕೆ ಹೆದರದ ನಾನು ಈ ನಗುವಿಗೆ ಹೆದರಿ ಓದಿದೆ.

ಆದರೆ ಒಬ್ಬನಿಗೆ ಮಾತ್ರ ಪೇಟೆಯಲ್ಲಿ ಮನೆ ಸಿಗಲಿಲ್ಲ: ಮೊಗಲರಿಗಿಂತ ಹಿಂದಿನ ಮಹಮ್ಮದ ತುಘಲಕ. ದಿಲ್ಲಿಯ ಜನರನ್ನೆಲ್ಲ ಎಬ್ಬಿಸಿ ದೌಲತಾಬಾದಿಗೆ ಅಟ್ಟಿದವನು ಇವನೆಂದು ತಿಳಿದೊಡನೆ ಅಂಗಡಿಕಾರರೆಲ್ಲ ಒಂದಾದರು. "ಕುಂತ ವ್ಯಾಪಾರ ಎಬ್ಬಿಸಾವನ್ನ ಪೇಟಿಯಾಗ ಕಾಲಿಡಗೊಡಬ್ಯಾಡ್ರಿ" ಎಂದು ನಾಗಪ್ಪ ಶೆಟ್ಟರು ಎಲ್ಲರ ಪರವಾಗಿ ಸಾರಿದರು. ಒಂದು ವಾರ ಆ ಸುಲ್ತಾನನು ನನ್ನ ಜೊತೆಯಲ್ಲಿಯೇ ಅಲೆದನು. ಎಲ್ಲಿಯೂ ಇರಿಸದ ಮೇಲೆ ಅವನು ನೆನಪಿನಲ್ಲಿ ಹೇಗೆ ಉಳಿಯಬೇಕು? ನಾನು ಹುಣಸೆಮರದ ಕೆಳಗೆ ಗಲ್ಲಕ್ಕೆ ಕೈಯಿಟ್ಟು ಕುಳಿತೆ. ಅಪ್ಪ ಗಾಲಿಗೆ ಕೀಲೆಣ್ಣೆ ಹಚ್ಚುತ್ತಿದ್ದವನು ಕೇಳಿದನು:

"ಯಾಕೋ, ಮಾರಿ ಇಳಿಬಿಟ್ಟಿ?"

ಹೇಳಿದೆ. ಅಪ್ಪನಿಗೆ ಅಲ್ಲಿಯವರೆಗೆ ನನ್ನ ಪಾಠಗಳಲ್ಲಿ ಆಸಕ್ತಿ ಹುಟ್ಟಿದುದನ್ನು ನಾನು ಕಂಡಿರಲಿಲ್ಲ. ಅವನು ಎಣ್ಣೆಯ ಬಿದಿರುಗೊಳವೆಯನ್ನು ಕೆಳಗಿಟ್ಟನು.

"ಊರಿಗೆ ಊರ ಎದ್ದ ಹೋತು? ಎಷ್ಟ ಚಕ್ಕಡಿ ಹತ್ತಿದುವಂತ?"

"ಬರದಿಲ್ಲಪಾ."

"ಅದೆಂಥಾ ಪುಸ್ತಕೋ! ಊರ ಎತ್ತಿ ಇಟ್ಟಾರ, ಚಕ್ಕಡಿ ಲೆಕ್ಕಾ ಇಲ್ಲ. ಎತ್ತಿಗೆ ಮೇವು ದಾರಿಯಾಗ ಎಲ್ಲಿ ಸಿಕ್ಕಿತು? ಅಚ್ಚು ಮುರದರ ಏನ ಮಾಡಿದ್ರು? ಹೂಂ, ಮುಂದ?"

"ಮುಂದ ಅಲ್ಲಿ ಹಿಡಸಲಿಲ್ಲ. ಮತ್ತ ಎಲ್ಲಾರಿಗೂ ತಿರಗಿ ದಿಲ್ಲಿಗೆ ನಡೀರಿ ಅಂದ. ಅದಕ್ಕ ಅವನ್ನ ಹುಚ್ಚ ಅಂತಾರ."

ಅಪ್ಪ ಎದ್ದೇ ನಿಂತನು. "ತಿರಗಿ ದಿಲ್ಲಿಗೆ? ಅಂದ್ರ ಹೋಗೂವಾಗೂ ಹೇರು, ಬರೂವಾಗೂ ಹೇರು! ಯಾವ ಮೂರ್ಖ ಅವನ್ನ ಹುಚ್ಚ ಅಂದಾಂವ? ನಾವು ದಿನಾ ಅಳ್ನಾವರಕ್ಕ ಖಾಲಿ ಚಕ್ಕಡಿ ಹೊಡಕೊಂಡ ಹೋಗಿ ಸಾಯಾಕತ್ತೇವಿ. ಒಂದ ಕಡೆ ಖಾಲಿ ಹೋಗೂದ ಅಂದ್ರ ಏನಂತ ಆ ಶೆಟ್ಟಗ ಏನ ಗೊತ್ತು? ಇಂಥಾ ರಾಜಾ ನಮ್ಮ ಕಡೆ ಒಬ್ಬ ಬರಬಾರದ?" ಎಂದವನು, ಚಕ್ಕಡಿಯ ಹಿಂದಿನ ಭಾಗವನ್ನು ಟವೆಲಿನಿಂದ ಝಾಡಿಸಿ, "ಕುಂದ್ರಸು ಇಲ್ಲೆ" ಎಂದನು.

"ಚಕ್ಕಡಿ ಒಂದ ಕಡೆ ನಿಲ್ಲೂದಿಲ್ಲಲ್ಲಪಾ. ನೆನಪಿಗೆ ಜಾಗಾ ಗಟ್ಟಿ ಇರಬೇಕು."

"ಅಂವಾ ಎಲ್ಲಿ ಒಂದ ಕಡೆ ನಿಂತಾನೋ?"

ತುಘಲಕನು ನಮ್ಮ ಚಕ್ಕಡಿಯಲ್ಲಿ ಕುಳಿತನು.

ಪರೀಕ್ಷೆಯ ಊರು ಆ ವರ್ಷ ಮುಂಡಗೋಡ ಎಂದು ಗೊತ್ತಾಯಿತು. ಅದರ ಹತ್ತಿರದ ಸನವಳ್ಳಿಯಲ್ಲಿ ಅವ್ವನ ತೌರಿನ ಕಡೆಯವರೊಬ್ಬರಿದ್ದರು. ಅಲ್ಲಿ ಉಳಿದುಕೊಳ್ಳುವುದೆಂದು ನಿಶ್ಚಯವಾಯಿತು. ಸರ್ವಿಸ್ ಮೋಟಾರಿಗೆ ಹೊರಡುವ ಬೆಳಗ್ಗೆ, ಕೊನೆಯ ಸಲ ಸಾಮ್ರಾಜ್ಯವನ್ನೊಮ್ಮೆ ಸಂದರ್ಶಿಸಿ ಬರೋಣವೆಂದು ನಾನು ಪೇಟೆಗೆ ಹೋದರೆ, ಪೇಟೆಯೇ ಇರಲಿಲ್ಲ. ಎಲ್ಲಿಯೋ ಒಬ್ಬ ದೊಡ್ಡ ಮುಖಂಡರನ್ನು ಸೆರೆಹಿಡಿದರೆಂದು ಅಂದು ಹರತಾಳ. ಎಲ್ಲ ಅಂಗಡಿಗಳಿಗೂ ಹಲಗೆ ಬಿಗಿದಿದ್ದರು. ಹಣ್ಣಿಲ್ಲ, ಗಂಟೆಯಿಲ್ಲ, ಬಳೆಯಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣದ ಸಾಗವಾನಿ ಹಲಗೆ. ನಾಗಪ್ಪ ಶೆಟ್ಟರ ಬಾಗಿಲಿನ ಎದುರಿಗೆ ನಾನು ದಿಕ್ಕುಗೆಟ್ಟು ನಿಂತಾಗ ಒಳಗಿನಿಂದ ಧ್ವನಿ ಬಂದಿತು: "ಇವತ್ತ ಹರತಾಳ ಐತೋ ತಮ್ಮಾ. ಬಾದಶಹಾ-ಗೀದಶಹಾ ಯಾರೂ ಸಿಗಾಂಗಿಲ್ಲ. ನಡಿ, ಚಲೋದಾಗತೈತಿ."

ದೇಶದ ಮೇಲೆ ನನಗೆ ಭಕ್ತಿಯಿಲ್ಲವೆಂದು ಯಾರೂ ತಿಳಿಯಬಾರದು. ಆದರೂ ಆ ಮುಖಂಡರನ್ನು ನನ್ನ ಇತಿಹಾಸದ ಪತ್ರಿಕೆ ಮುಗಿದ ಮೇಲೆ ಸೆರೆಹಿಡಿದಿದ್ದರೆ ಇಂಗ್ಲಿಷರ ಸಾಮ್ರಾಜ್ಯಕ್ಕೆ ಏನು ನಷ್ಟವಾಗುತ್ತಿತ್ತೆಂದು ಮೋಟಾರಿನಲ್ಲಿ ಕುಳಿತು ಚಿಂತಿಸಿದೆ.

ಇತಿಹಾಸದ ದಿನ. ಮೊದಲನೆಯ ಪ್ರಶ್ನೆ, ಮೊಗಲ ಬಾದಶಹರನ್ನು ಅನುಕ್ರಮವಾಗಿ ಹೆಸರಿಸಿ ಒಬ್ಬೊಬ್ಬರ ವಿಷಯವಾಗಿ ಬರೆಯುವುದು. ನನ್ನ ಪ್ರಶ್ನೆಯೇ! ಟಾಕನ್ನು ಮಸಿಯಲ್ಲಿ ಅದ್ದಿ, ಕಣ್ಣು ಮುಚ್ಚಿ, ಹಳಿಯಾಳದ ಪೇಟೆಯನ್ನು ಹೊಕ್ಕೆ. ಹಲಗೆ. ಮುಂದಿನ ಅಂಗಡಿಗೆ ಹೋದೆ. ಹಲಗೆ. ಓಡಿದೆ. ಪೇಟೆಯ ಉದ್ದಕ್ಕೂ ಬರಿಯ ಹಲಗೆ! ತಿಂಗಳುಗಟ್ಟಲೆ ತೆರೆದಿದ್ದ ಪೇಟೆಯನ್ನು ಒಂದು ಬೆಳಗಿನ ನೋಟ ಮುಚ್ಚಿಬಿಟ್ಟಿತ್ತು. ಮನಸ್ಸಿನಲ್ಲಿಯೇ ಶೆಟ್ಟರ ಬಾಗಿಲು ತಟ್ಟಿದರೆ ಒಳಗಿನಿಂದ ಅದೇ ಧ್ವನಿ: "ಯಾರೂ ಸಿಗಾಂಗಿಲ್ಲ." ಟಾಕಿನ ತುದಿಯಿಂದ ಮಸಿಯ ಹನಿಯೊಂದು ಬಿಳಿಯ ಹಾಳೆಯ ಮೇಲೆ ಬಿದ್ದು ಗುಂಡಗೆ ಹಿಗ್ಗಿತು. ಬಾರುಕೋಲಿನ ತೊಗಲು ಬೆರಳಿಗೆ ತಾಗಿದಂತಾಯಿತು. ಮೇಲ್ವಿಚಾರಣೆಗೆ ಬಂದಿದ್ದ, ದೊಡ್ಡ ರುಮಾಲಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, ಖಾಲಿ ಹಾಳೆಯನ್ನು ನೋಡಿ, ನಿಟ್ಟುಸಿರು ಬಿಟ್ಟು ಮುಂದೆ ಹೋದರು.

ಎರಡನೆಯ ಪ್ರಶ್ನೆಯನ್ನು ಓದಿದೆ: ಮಹಮ್ಮದ ತುಘಲಕನು ರಾಜಧಾನಿಯನ್ನು ಬದಲಾಯಿಸಿದುದನ್ನೂ ಅದರಿಂದ ಪ್ರಜೆಗಳಿಗೆ ಒದಗಿದ ತೊಂದರೆಗಳನ್ನೂ ವರ್ಣಿಸಿರಿ.

ಚಕ್ಕಡಿಗೆ ಹಲಗೆಯೆಲ್ಲಿ? ಬಾಗಿಲೆಲ್ಲಿ? ಹರತಾಳವೆಲ್ಲಿ? ಪೇಟೆಯ ಬಾಯಲ್ಲಿ, ಹುಣಸೆಮರದ ಕೆಳಗೆ, ಅದು ನಿಂತೇ ಇತ್ತು. ಹಿಂಭಾಗದಲ್ಲಿ ಸುಲ್ತಾನನು ಕಾಲು ಇಳಿಬಿಟ್ಟು ಕುಳಿತೇ ಇದ್ದನು. ನಾನು ಬರೆದೆ. ಪುಸ್ತಕದಲ್ಲಿದ್ದುದನ್ನೆಲ್ಲ ಬರೆದೆ, ಅದು ಮುಗಿದ ಮೇಲೂ ಎತ್ತುಗಳು ನಿಲ್ಲಲಿಲ್ಲ. ಅಷ್ಟು ದೂರದ ಪಯಣದಲ್ಲಿ ಮೇವು, ನೀರು ಹೇಗೆ ದೊರೆಯದೆ ಹೋದವು, ಅಚ್ಚುಗಳು ಹೇಗೆ ಮುರಿದವು, ಏರಿನಲ್ಲಿ ಮುದುಕರನ್ನು ಕೆಳಗಿಳಿಸಿ ಹೇಗೆ ನಡೆಯಿಸಬೇಕಾಯಿತು, ಎಲ್ಲವನ್ನೂ ಬರೆದೆ. ಕೊನೆಗೆ, "ಈ ಸುಲ್ತಾನನನ್ನು ಜನರು ಹುಚ್ಚನೆಂದು ಕರೆದರು. ಆದರೆ ಚಕ್ಕಡಿಯವರ ಅಭಿಪ್ರಾಯವು ಬೇರೆಯಾಗಿದ್ದಿರಲು ಸಾಕು" ಎಂದು ಮುಗಿಸಿದೆ. ಈಗ ಓದಿದರೂ ಈ ವಾಕ್ಯ ಶುದ್ಧವಾಗಿದೆಯೆಂದೇ ನನ್ನ ನಂಬಿಕೆ.

ಬರೆದು ಮುಗಿದರೂ ಚಕ್ಕಡಿ ನಡೆಯುತ್ತಲೇ ಇತ್ತು. ಅದು ತನ್ನ ವಾಡಿಕೆಯ ದಾರಿಯನ್ನು ಹಿಡಿದು, ಊರನ್ನು ಸುತ್ತಿ, ಆಚೆಯ ತುದಿಯಿಂದ ಹಿಂದಿನ ಓಣಿಯನ್ನು ಹೊಕ್ಕಿತು. ಹರತಾಳವೆಂಬುದು ಮುಂಬಾಗಿಲಿಗೆ. ಸ್ಟೇಶನ್ನಿನಿಂದ ಬಂದ ಮಾಲು ಹಿಂಬಾಗಿಲಲ್ಲಿ ಇಳಿಯಲೇಬೇಕು! ಮೊದಲನೆಯ ಬಾಗಿಲು ತೆರೆಯಿತು: ಖಾದರಸಾಬರು, ಅವರ ಬೆನ್ನಿಗೆ ಟೊಪ್ಪಿಗೆ ಹೊಲಿಯುತ್ತ ಔರಂಗಜೇಬ. ಅನಂತರ ಖಾಲಾ ಇಣುಕಿದಳು, ಶಾಹಜಹಾನನು ಹೊರಬಂದನು. ಗಂಟೆಗಳು ಕೇಳಿದವು. ಚಹಾದ ವಾಸನೆ ಬಂದಿತು. ಎಲ್ಲರೂ ಬಂದರು, ಆದರೆ ತಿರುಗುಮುರುಗಾಗಿ, ಮಗ ಮೊದಲು, ಅಪ್ಪ ಆಮೇಲೆ. ಅವರನ್ನು ತಡೆದು ನಿಲ್ಲಿಸಿ ಸಾಲು ಹಚ್ಚುವ ಧೈರ್ಯ ನನಗಿರಲಿಲ್ಲ. ಮತ್ತೆ ಬಾಗಿಲು ಹಾಕಿಕೊಂಡರೆ? ಆದ್ದರಿಂದ ಮೊದಲನೆಯ ಪ್ರಶ್ನೆಗೆ ಬಿಟ್ಟಿದ್ದ ಹಾಳೆಯ ಕೆಳತುದಿಯಲ್ಲಿ ಔರಂಗಜೇಬನನ್ನು ಬರೆದು, ಅವನ ಮೇಲ್ಗಡೆ ಶಾಹಜಹಾನನನ್ನು, ಅವನ ಮೇಲ್ಗಡೆ ಜಹಾಂಗೀರನನ್ನು ಬರೆಯುತ್ತ ಮೇಲೇರಿದೆ.

ರುಮಾಲಿನವರು ಮತ್ತೆ ಬಂದು, ನನ್ನ ಬೆನ್ನ ಹಿಂದೆ ಬಹಳ ಹೊತ್ತು ನಿಂತರು.

"ತಮ್ಮಾ, ಎಡದಿಂದ ಬಲಕ್ಕ ಬರಿಯಾವ್ರನ್ನ ನೋಡೇನಿ, ಬಲದಿಂದ ಎಡಕ್ಕ ಬರಿಯಾವ್ರನ್ನ ನೋಡೇನಿ. ನೀ ಕೆಳಗಿಂದ ಮ್ಯಾಲಕ್ಕ ಹತ್ತಾಕತ್ತೀಯಲ್ಲ, ಇದ ಯಾವ ಭಾಷಾ?"

"ಇತಿಹಾಸಾರೀ" ಎಂದೆ.

ಹುಮಾಯೂನನು ಹೆಚ್ಚು ಜಾಗ ತಿಂದುದರಿಂದ ಬಾಬರನಿಗೆ ಎಡೆಯುಳಿಯಲಿಲ್ಲ. ಸಾಮ್ರಾಜ್ಯವನ್ನು ಸ್ಥಾಪಿಸಿದವನನ್ನು ಪ್ರಶ್ನೆಯ ಅಂಕೆಯ ಪಕ್ಕದ ಅಂಚಿನಲ್ಲಿ, ಕರಬೂಜದ ಸಹಿತ, ಇರುವೆಯಷ್ಟು ಅಕ್ಷರಗಳಲ್ಲಿ ಕೂರಿಸಿದೆ.

ಫಲಿತಾಂಶವನ್ನು ಮಾಸ್ತರರು ಶಾಲೆಯ ಪಡಸಾಲೆಯಲ್ಲಿ ನಿಂತು ಓದಿದರು. ನನ್ನ ಹೆಸರು ಬಂದಿತು. ಓಡುತ್ತ ಪೇಟೆಗೆ ಬಂದರೆ ಹಾದಿಯುದ್ದಕ್ಕೂ ವಿಚಾರಣೆ. ಶೆಟ್ಟರು, "ನಮ್ಮಾಂವ ಬಿದ್ನೇನು?" ಎಂದರು. "ಬಿದ್ನರಿ, ಸರಿಯಾಗಿ ಬಿದ್ದ" ಎಂದೆ. ಸಂತೋಷಪಟ್ಟು ಬೆಲ್ಲದ ಹೆಂಟೆ ಕೊಟ್ಟರು. ಖಾಲಾ, ಬಳೆಯ ಮಾತನ್ನು ಬರೆದೆಯಾ ಎಂದು ಕೇಳಿದಳು. ಜಾಗವಿರಲಿಲ್ಲವೆಂದೆ.

"ಅಷ್ಟ ದೊಡ್ಡ ಗುಮ್ಮಟಕ್ಕ ಜಾಗಾ ಸಿಕ್ಕಿತು, ನನ್ನ ಒಂದ ಡಜನ್ ಬಳಿಗೆ ಸಿಗಲಿಲ್ಲ!"

ಹುಣಸೆಮರದ ಕೆಳಗೆ ಅಪ್ಪ ಎತ್ತಿನ ಕೊರಳನ್ನು ತಿಕ್ಕುತ್ತಿದ್ದನು. "ಪಾಸಾದೆ" ಎಂದೆ. ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಯಾರು ಕೈ ಹಿಡದ್ರು?"

"ಎಲ್ಲಾರೂ ಬಾಗಲಾ ಹಾಕ್ಕೊಂಡಿದ್ರು. ನಿನ್ನ ತುಘಲಕ ಒಬ್ಬನ ಹೊರಗ ಇದ್ದ."

ಅಪ್ಪ ಎತ್ತಿನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದನು. ನನಗೆ ಕೇಳಿಸಲಿಲ್ಲ. ಮಾತಾಡಿ ಇಟ್ಟಿದ್ದ ಹೋರಿಗಳು ಬೇಡವೆಂದು ಅವನು ಹೇಳಿಕಳಿಸಿದ್ದು ಆಮೇಲೆ ಅವ್ವನಿಂದ ತಿಳಿಯಿತು.

ಶನಿವಾರದ ಭಾಷಣದಲ್ಲಿ ಇದನ್ನೆಲ್ಲ ಹೇಳಬಹುದೇ? ಹುಡುಗರೇ, ಓದಿದ್ದನ್ನು ಎಲ್ಲಿಯಾದರೂ ಇರಿಸಿರಿ, ದಿನವೂ ಹೋಗಿ ಮಾತಾಡಿಸಿರಿ, ನಾಲ್ಕು ಜನರೆದುರಿಗೆ ಒಪ್ಪಿಸಿರಿ ಎನ್ನಬಹುದು. ಅದು ಸಭ್ಯವಾಗಿಯೂ ಇದೆ. ಆದರೆ ಎಲ್ಲವನ್ನೂ ಅಂಗಡಿಯಲ್ಲಿಯೇ ಇರಿಸಬೇಡಿರಿ, ಒಂದಿಷ್ಟನ್ನು ಚಕ್ಕಡಿಯಲ್ಲಿಯೂ ಇರಿಸಿರಿ ಎಂದರೆ ಮುಖ್ಯಾಧ್ಯಾಪಕರು ಏನು ತಿಳಿದಾರು?

ಧಾರವಾಡಕ್ಕೆ ಓದಲು ಹೊರಟ ದಿನ ಅಪ್ಪನೇ ಅಳ್ನಾವರದ ಸ್ಟೇಶನ್ನಿಗೆ ಚಕ್ಕಡಿ ಹೂಡಿದನು. ಗೂಟದಿಂದ ಚೀಲವನ್ನು ತೆಗೆದು ನನಗೆ ಕೊಟ್ಟು, ನನ್ನ ಎತ್ತರದ ಆ ಹೊಸ ಬಾರುಕೋಲನ್ನು ತಾನೇ ಕೈಗೆತ್ತಿಕೊಂಡನು. ಅದು ಅವನಿಗೆ ಗಿಡ್ಡವಾಗಿತ್ತು. ಟ್ರಂಕು, ಹಾಸಿಗೆಯ ಸುರುಳಿ, ಅಕ್ಕಿಯ ಚೀಲ, ಅವ್ವ ಬಲವಂತದಿಂದ ಇರಿಸಿದ ಒಂದೆಲಗದ ಗಡಿಗೆ, ಎಲ್ಲವನ್ನೂ ಹೇರಿದ ಮೇಲೆ ನಾನು ಹತ್ತಿ ಕುಳಿತುಕೊಳ್ಳಲು ಸ್ಥಳ ಸಾಲಲಿಲ್ಲ. ಅಪ್ಪ ತಿರುಗಿ ನೋಡಿದನು.

"ಆ ಬಾದಶಹಾ ಇನ್ನೂ ಕುಂತಾನೇನ ಅಲ್ಲೇ?"

"ಕುಂತಾನಪಾ."

"ಇಳೀ ಅನ್ನವಗ. ನಿನಗ ಜಾಗಾ ಬೇಕಲ್ಲ."

ನಾನು ಟ್ರಂಕನ್ನು ಸರಿಸಿ ಹೇಗೋ ಹೊಂದಿಕೊಂಡು ಕುಳಿತೆ. ಎತ್ತುಗಳು ಹೆಜ್ಜೆ ಕಿತ್ತವು. ಹುಣಸೆಮರ ಹಿಂದೆ ಸರಿಯಿತು. ಚಕ್ಕಡಿ ಊರು ದಾಟಿತು. ಆಮೇಲೆ ಅಪ್ಪ, ಹಿಂದಿರುಗಿ ನೋಡದೆಯೇ, ಎತ್ತುಗಳಿಗೆ ಹೇಳುವಂತೆ ಹೇಳಿದನು:

"ಬ್ಯಾಡ, ಇರಲಿ ಬಿಡು ಅಂವಾ. ತಿರಗಿ ಬರೂವಾಗ ನಾ ಖಾಲಿ ಬರಬೇಕಾಗತೈತಿ."